ಜಗಲಿಯ ಪಂಕ್ತಿ

ಹೊಸದಾಗಿ ಬಂದವಳು ನೀನು, ಕೇಳಿದ್ದು ಸರಿಯೇ:
ಒಳಗೆ ಅಷ್ಟು ದೊಡ್ಡ ನಡುಮನೆ ಇಟ್ಟುಕೊಂಡು
ಯಾಕೆ ಎಲ್ಲ ಜಗಲಿ ಮೇಲೆ ಕೂತು ಉಣ್ತೀರಿ,
ಚಿಂತಾಮಣಿ ಬಸ್ಸಿನವರೆಲ್ಲ ನೋಡ್ತಾರೆ.
ನಕ್ಕರು ಎಲ್ಲ. ನಮ್ಮ ಮನೆ ಹಾಗೇ, ಅಂದರು.
ಅಮ್ಮ ಮಾತ್ರ ಮುದ್ದೆ ಮುರಿಯುವ ಕೈ ನಿಲ್ಲಿಸಿ
ಗೋಡೆಯ ಕಡೆ ನೋಡಿದಳು.
ಅಲ್ಲಿ ಅವನು ತಲೆ ಒರಗಿಸಿದ ಎಣ್ಣೆಯ ಕಲೆ
ಎರಡು ಸಲ ಸುಣ್ಣ ಹೊಡೆದರೂ ಎದ್ದು ಬರುತ್ತದೆ.

ನನಗೂ ಇದನ್ನು ಯಾರೂ ಪೂರ್ತಿ ಹೇಳಿದ್ದಲ್ಲ.
ಒಂದಿಷ್ಟು ಅಜ್ಜಿ, ಒಂದಿಷ್ಟು ಪಕ್ಕದ ಮನೆ ಖಮರಬ್ಬಿ,
ಉಳಿದದ್ದು ನಾನೇ ಹೊಲಿದುಕೊಂಡದ್ದು.

ದೊಡ್ಡಪ್ಪ ಗಂಗುಲಪ್ಪ
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ತೂಕದವನು.
ಮೈಯೆಲ್ಲ ಹುಳುವಿನ ವಾಸನೆ, ಮೀಸೆಯಲ್ಲಿ ರೇಷ್ಮೆಯ ಜುಂಗು.
ಮಾತು ಕಡಿಮೆ. ಇದ್ದ ಮಾತೂ ಅಂಕಿಗಳೇ:
ಮೂವತ್ತೆರಡು, ಇನ್ನೂರು. ಮುಂದೆ ತಗೊಂಬಾ.
ದೇವರಂಥವನೇನಲ್ಲ.
ಇಸ್ಪೀಟಿನಲ್ಲಿ ಒಂದು ಎಮ್ಮೆ ಸೋತಿದ್ದ,
ಗೊರಕೆಗೆ ಕರು ಹಗ್ಗ ಕಿತ್ತುಕೊಳ್ಳುತ್ತಿತ್ತು.

ಅಪ್ಪ ಅಮ್ಮನನ್ನು ಕರೆತಂದದ್ದು ಆಷಾಢದಲ್ಲಿ,
ನೂಲು ಬಿಚ್ಚುವ ಬಟ್ಟಲುಗಳ ಮುಂದಿನಿಂದ ಎಬ್ಬಿಸಿ,
ಬಿಸಿನೀರಿಗೆ ಬೆಂದು ಬೆಳ್ಳಗಾದ ಬೆರಳು ಹಿಡಿದು.
ಬೇರೆ ಜಾತಿ. ಯಾವುದೆಂದು ಹೇಳೊಲ್ಲ,
ಹೇಳಿದರೆ ಅದೊಂದನ್ನೇ ನೆನಪಿಟ್ಟುಕೊಳ್ಳುತ್ತೀಯ.
ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು:
ಇರಲಿ. ಆದರೆ ಹೊಸಿಲಿನಿಂದಾಚೆ.

ಹಾಗೆ ಜಗಲಿಯ ಮೂಲೆಗೆ ಬಂತು
ಒಂದು ಅಲ್ಯೂಮಿನಿಯಂ ತಟ್ಟೆ, ಲೋಟ, ಗೋಣಿಚೀಲ.
ಅಪ್ಪ ಒಳಗೇ ಕೂತು ಉಂಡ.
ಇದನ್ನೂ ಹೇಳಬೇಕು ನಿನಗೆ.
ಇಪ್ಪತ್ತೆರಡರ ಹುಡುಗ, ಹೆತ್ತವಳಿಗೆ ಹೆದರಿದ.

ಸಂಜೆ ದೊಡ್ಡಪ್ಪ ಬಂದ. ಕಾಲು ತೊಳೆದ.
ನೋಡಿದ.
ಒಳಗೆ ಹೋಗಿ ತನ್ನ ತಟ್ಟೆ ತಂದು
ಅವಳಿಂದ ಒಂದು ಮಾರು ದೂರ ಬಿಟ್ಟು ಕೂತ.
ಒಳಗೆ ಸೆಕೆ, ಅಂದ.

ಆಷಾಢದಲ್ಲಿ ಎಂಥ ಸೆಕೆ!
ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ.

ಮಾರನೇ ದಿನವೂ ಸೆಕೆ. ಗೌರಿಹಬ್ಬಕ್ಕೂ ಸೆಕೆ.
ಪುಷ್ಯದ ಚಳಿಗೆ ಕಂಬಳಿ ಹೊದ್ದು
ಹಿದುಕಿದ ಬೇಳೆ ಸಾರಿನ ಆವಿಯಲ್ಲಿ ಕೈ ಕಾಯಿಸುತ್ತ
ಆಗಲೂ ಅದೇ: ಸೆಕೆ ಕಣವ್ವಾ, ಒಳಗೆ ತಡೆಯಕ್ಕಾಗಲ್ಲ.
ಅಜ್ಜಿ ಬೈದಳು, ಅತ್ತಳು, ಎರಡು ದಿನ ಉಪವಾಸ ಬಿದ್ದಳು.
ಅವನು ಜಗಳಕ್ಕೆ ಸಿಗಲಿಲ್ಲ.
ತೂಗುವವನಿಗೆ ಕಾಯುವುದು ಗೊತ್ತು,
ಮುಳ್ಳಿನ ನಡುಕ ತಾನಾಗಿ ನಿಲ್ಲುವ ತನಕ.

ಸಂಕ್ರಾಂತಿಗೆ ಅಪ್ಪ ಹೊರಗೆ ಬಂದು ಕೂತ, ತಲೆ ಎತ್ತದೆ.
ಯುಗಾದಿಗೆ ಇಬ್ಬರು ಸೋದರತ್ತೆಯರು.
ಕಡೆಗೆ ಒಂದು ರಾತ್ರಿ,
ಹಬ್ಬವಲ್ಲ, ಹುಣ್ಣಿಮೆಯಲ್ಲ, ಬರೀ ಒಂದು ಮಂಗಳವಾರ,
ಸಾರಿನ ಪಾತ್ರೆ ಹಿಡಿದು ಹೊಸಿಲು ದಾಟಿದ ಅಜ್ಜಿ
ಮೊದಲ ಸೌಟು ಅಮ್ಮನ ತಟ್ಟೆಗೆ ಬಡಿಸಿ
ಹೌದಪ್ಪಾ, ಒಳಗೆ ಸೆಕೆ, ಅಂದಳಂತೆ.
ಅಷ್ಟು ಹೊತ್ತಿಗೆ ವೈಶಾಖ. ನಿಜವಾಗಿಯೂ ಸೆಕೆಯಿತ್ತು.

ಆಮೇಲೆ ಒಳಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ.
ನಾನು ಹುಟ್ಟಿ, ನಿನ್ನ ಗಂಡ ಹುಟ್ಟಿ,
ಊಟ ಅಂದರೆ ಜಗಲಿ ಅಂತಲೇ ತಿಳಿದು ಬೆಳೆದೆವು.
ಕೂಲಿಯವರು, ದಾರಿಹೋಕರು, ಬಳೆಯವಳು
ಯಾರು ಬಂದರೂ ಸಾಲು ಒಂದಿಷ್ಟು ಸರಿಯುತ್ತಿತ್ತು,
ಕೇಳುವುದು ಒಂದೇ, ಸಾರು ಸಾಕಾಗುತ್ತಾ ಅಂತ.

ಹೋದ ಮಾಘದಲ್ಲಿ ಅವನು ಹೋದ.
ಹನ್ನೊಂದನೇ ದಿನ ಎಡೆಯನ್ನು
ನಡುಮನೆಯಲ್ಲಿ, ದೀಪದ ಮುಂದೆ ಇಡಿ ಅಂದರು ಹಿರಿಯರು.
ಅಮ್ಮ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು
ಆಚೆ ನಡೆದಳು.
ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡಲಿಲ್ಲ.
ನಾವು ತಟ್ಟೆ ಹಿಡಿದು ಹಿಂದೆ ಹೋದೆವು.

ಈಗ ಬಾ, ಅನ್ನ ಆರುತ್ತಿದೆ.
ಬಸ್ಸಿನವರು ನೋಡಿದರೆ ನೋಡಲಿ.
ಆ ಕಲೆಯ ಕೆಳಗೇ ಕೂರು, ಪರವಾಗಿಲ್ಲ.
ಸ್ವಲ್ಪ ಸರಿದು ಕೂರು ಅಷ್ಟೇ,
ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇರಲಿ.