ಹಸಿ ಕೌದಿ

ದಾಲ್ ಮಿಲ್ಲಿನಾಗ ನಂದು ತೂಕದ ಕೆಲಸ.
ಐವತ್ತು ಕಿಲೋ ಚೀಲ, ಪಾವ್ ಕಿಲೋ ಹೆಚ್ಚಾದರೂ
ಬೆನ್ನಿಗಿ ಮೊದಲು ಗೊತ್ತಾಗ್ತದ, ಕಾಟಾಕ್ಕ ಆಮ್ಯಾಲ.
ಆದ್ರ ದವಾಖಾನಿ ತಕ್ಕಡಿ ಮುಂದ ನಿಂತಾಗ,
ಒಬ್ಬಾಕಿ ಒಂದು ಕಿಲೋ ಒಂಬೈನೂರು, ಇನ್ನೊಬ್ಬಾಕಿ ಎರಡರ ಮ್ಯಾಲ ಅರವತ್ತು ಗ್ರಾಂ,
ನನ್ನ ಕೈ ನಡುಗಿದ್ವು.
ಇಷ್ಟು ಹಗುರಂದು ನಾ ಎಂದೂ ಎತ್ತಿದ್ದಿಲ್ಲ.

ಮನಿ ಅಂದ್ರ ಒಂದು ಖೋಲಿ. ಕೆಳಗ ಶಹಾಬಾದ ಫರ್ಸಿ, ಮ್ಯಾಲ ತಗಡು,
ಕಲಬುರಗಿ ಮೇ ತಿಂಗಳು.
ಮಂಚ ಒಂದದ, ನಡುವ ತಗ್ಗು ಬಿದ್ದದ್ದು,
ಎತ್ತಾಗ ಮಲಗಿದ್ರೂ ನಡುವಕ್ಕೇ ಉರುಳ್ತೀವಿ.
ಖುರ್ಷಿದ್ ಬೀ ಕೊಟ್ಟ ತೊಟ್ಟಿಲು, ಅದೂ ಒಂದೇ.
ನಮ್ಮತ್ತಿ ಕಾಶಮ್ಮ ಅಂದಳು: ಒಂದೇ ಹೊಟ್ಟ್ಯಾಗ ಎಂಟು ತಿಂಗಳು
ಜಗಳಿಲ್ಲದ ಇದ್ದವು, ಒಂದೇ ತೊಟ್ಟಿಲದಾಗ ಇರಲಾರವೇನು?

ಸಿಸ್ಟರ್ ಸುವಾರ್ತಮ್ಮ ಮನಿಗೇ ಬಂದಳು.
ಚಪ್ಪಲಿ ಹೊರಗ ಬಿಟ್ಟು, ಮಂಚ ಒತ್ತಿ ನೋಡಿದಳು,
ಆಮ್ಯಾಲ ನನ್ನ ನೋಡಿದಳು.
ಅಣ್ಣಾ, ನೀ ಚೀಲ ಹೊತ್ತು ದಣಿದಾವ.
ಕೂಸಿನ ಬಾಜೂ ಮಲಗಿದ್ರ
ನಿದ್ದ್ಯಾಗ ನಿನ್ನ ತೋಳಿನ ತೂಕ ನಿನಗ ಗೊತ್ತಿರಲ್ಲ.
ತೂಕದ ಮಾತು ನನಗ ಯಾರೂ ಹಿಂಗ ಹೇಳಿದ್ದಿಲ್ಲ.

ಜಾಗ ಬ್ಯಾರೆ ಬ್ಯಾರೆ, ಖೋಲಿ ಒಂದೇ. ಅಂಗಾತ, ಹಗಲಾದರೂ ರಾತ್ರಿಯಾದರೂ.
ಸೀರಿ ಜೋಳಿಗಿ ಬ್ಯಾಡ, ಅದರಾಗ ಗದ್ದ ಎದಿಗಿ ಹತ್ತಿ ಉಸರು ಕಟ್ತದ.
ಕುಲಾಯಿ, ಮಲಗಿಸೋ ಮುಂದ ತಗೀರಿ.
ತಲಿ ಗುಂಡಗಾಗಲಿ ಅಂತ ಅತ್ತಿ ಹೊಲಿದಿಟ್ಟ
ಎರಡು ಸಾಸಿವಿ ದಿಂಬು, ಅವೂ ಬ್ಯಾಡ.
ಮತ್ತ ಈ ಕೌದಿ?

ಕೌದಿ ಅತ್ತಿ ಐದು ತಿಂಗಳು ಕುಂತು ಹೊಲಿದದ್ದು.
ಜಗದೇವಿಯ ಸಾಲಿ ಲಂಗ, ತೀರಿಹೋದ ಮಾವನ ಧೋತ್ರ,
ನಡುವ ಒಂದು ಕೆಂಪು ತುಂಡು, ಯಾರದಂತ ಆಕಿ ಹೇಳಲ್ಲ.
ಸಿಸ್ಟರ್ ಎರಡೂ ಕೈಲೆ ಹಿಡಿದು, ಭಾಳ ಛಂದ ಅದ ಅಂದಳು,
ಕೂಸಿನ ಮ್ಯಾಲ ಬ್ಯಾಡ, ಕೆಳಗೂ ಬ್ಯಾಡ ಅಂದಳು.
ಅತ್ತಿ ಆ ಹೊತ್ತು ಉಣಲಿಲ್ಲ.

ಮರುದಿನ ಮಿಲ್ಲಿನಿಂದ ಹಲಗಿ ತಂದೆ,
ಮಶೀನ್ ಬಂದ ಖೋಕಾದು. ಸೇಠ ಅದಕ್ಕೂ ನೂರು ರೂಪಾಯಿ ಹಿಡಕೊಂಡ.
ಎರಡು ಪೆಟ್ಟಿಗಿ ಬಡದೆ, ಮುಚ್ಚಳಿಲ್ಲದವು,
ಮೊಳಿ ತಲಿ ಒಳಗ ಇಳಿಸಿ, ಅಂಚಿಗಿ ಉಸುಕಿನ ಕಾಗದ ತಿಕ್ಕಿ.
ಹಾಸಿಗಿ ತೆಳ್ಳಗ, ಗಟ್ಟಿ, ಹಲಗಿ ಅಳತಿಗಿ ಸರಿಸಮ,
ಬಟ್ಟಿ ಡೋಲಿನ ಚರ್ಮದಂಗ ಬಿಗಿ.
ಬ್ಯಾಸಿಗ್ಯಾಗ ನಮ್ಮ ಫರ್ಸಿ ಸಂದಿಯಿಂದ ಚೇಳು ಬರ್ತಾವ,
ಅದಕ್ಕಂತ ಒಂದೊಂದಕ್ಕ ನಾಲ್ಕು ಕಾಲು ಹಚ್ಚಿ
ಎಂಟು ಕಾಲಿಗಿ ಎಂಟು ಡಬ್ಬಿ, ಡಬ್ಬಿ ತುಂಬ ನೀರು.
ಜಗದೇವಿ ನಕ್ಕಳು, ಹೆರಿಗಿ ಆದ ಮ್ಯಾಲ ಮೊದಲ ಸಲ:
ನನ್ನ ಮಕ್ಕಳಿಗಿ ಎಂಟು ಕೆರಿ ಕಟ್ಟಿಸ್ಯಾನ ನೋಡ್ರಿ, ರಾಜಾ!
ತೊಟ್ಟಿಲದಾಗ ಈಗ ಒಗದ ಅರಿವಿ.

ಆದ್ರ ಝಳ.
ಕರೆಂಟ್ ಹೋದ ರಾತ್ರಿ ತಗಡಿನಾಗ ಇನ್ನಾ ಹಗಲು ಉಳದಿತ್ತು.
ಸಣ್ಣಾಕಿ ಕುತ್ತಿಗಿ ಹಿಂದ ಬೆವರು.
ನಾ ಕತ್ತಲಾಗ ಬೀಸಣಿಗಿ ಹುಡುಕ್ತಿದ್ದೆ.
ಅತ್ತಿ ಎದ್ದಳು. ಮಾತಿಲ್ಲ ಕತಿಯಿಲ್ಲ.
ಕೌದಿ ಬಚ್ಚಲದಾಗ ಮುಣಗಿಸಿ, ಹಿಂಡಲಾರದ,
ಸೋರಾಕತ್ತಿದ್ದು ಹಂಗೇ ತಬ್ಬಿಕೊಂಡು ತಂದು
ಕಿಟಕಿಗಿ ಕಟ್ಟು ಅಂದಳು.
ಸುತಳಿ ಎರಡು ಸಲ ಹರೀತು. ಮೂರನೇ ಸಲ ಮಿಲ್ಲಿನ ಹಗ್ಗ.
ಹಸಿ ಕೌದಿ ಎಷ್ಟು ಭಾರ ಕೇಳ್ರಿ, ಹೇಳ್ತೀನಿ:
ಹದಿನಾಲ್ಕು ಕಿಲೋ. ಬೆನ್ನು ಸುಳ್ಳು ಹೇಳಲ್ಲ.

ಗಾಳಿ ಬಂತು,
ಮಾವನ ಧೋತ್ರದಾಗಿಂದ, ಸಾಲಿ ಲಂಗದಾಗಿಂದ,
ಆ ಕೆಂಪು ತುಂಡಿನಾಗಿಂದ.
ಪೆಟ್ಟಿಗ್ಯಾಗ ಎರಡೂ ಅಂಗಾತ,
ಎರಡೂ ಕೈ ಕಿವಿ ಬಾಜೂ ಮ್ಯಾಲೆತ್ತಿ,
ಚೀಲ ಹೊರೋ ಹಮಾಲರಂಗ, ಚೀಲ ಇಲ್ಲದ.

ಹೆಸರಿಡಲಿಕ್ಕ ಇನ್ನಾ ಮೂರು ದಿನ ಅದ.
ನಾ ಎದ್ದು ಎದ್ದು ನೋಡ್ತೀನಿ, ಒಂದು ಎದಿ ಏರ್ತದ, ಇಳೀತದ.
ಆ ಬಾಜೂಕಿಂದೂ.
ಅತ್ತಿ ಬರೀ ಫರ್ಸಿ ಮ್ಯಾಲ ಅಡ್ಡಾಗ್ಯಾಳ,
ತಾಸಿಗೊಮ್ಮೆ ಎದ್ದು ಕೌದಿಗಿ ಚರಗಿ ನೀರು ಉಗ್ಗತಾಳ,
ಮತ್ತ ಮಲಗೋ ಮುಂದ ಗೊಣಗತಾಳ:
ದಿಂಬಿನ ಸಾಸಿವಿ ನಾಳಿ ಒಗ್ಗರಣಿಗಿ ಹಾಕ್ತೀನಿ,
ಕರೀರಿ ನಿಮ್ಮ ಸಿಸ್ಟರಗ, ಉಂಡು ಹೋಗಲಿ.