ಎರಡೂವರೆ ಇಂಚು

ಮಲ್ಪೆ, ಐಸ್ ಪ್ಲಾಂಟಿನ ಹಿಂದಿನ ಓಣಿ. ಮೇಜಿನ ಮೇಲೆ
ದೂಮಪ್ಪ ತಾಂಡೇಲರ ಬೋಟಿನ ಮೀನು ತೋರಿಸುವ ಯಂತ್ರ
ಹೊಟ್ಟೆ ಬಿಚ್ಚಿ ಮಲಗಿದೆ.
ಬೆಳಗಿನಿಂದ ಮೂರು ಮಾಸ್‌ಫೆಟ್ ಸುಟ್ಟೆ.
ಒಂದೊಂದರ ಬೆಲೆಗೂ ಅರ್ಧ ಕಿಲೋ ಬಂಗುಡೆ ಬರುತ್ತಿತ್ತು.
ಸತ್ತವನ್ನು ನಶ್ಯದ ಡಬ್ಬಿಗೆ ಹಾಕುತ್ತೇನೆ. ಅಲ್ಲಾಡಿಸಿದರೆ
ಹುಣಸೆಬೀಜದ ಸದ್ದು.

"ಎಂತ ಹರಿಣಾಕ್ಷಿ, ಆಯ್ತಾ?"
"ಇಲ್ಲ."
"ನಾಲ್ಕು ಗಂಟೆಗೆ ಐಸ್ ತುಂಬಿಸ್ತಾರೆ ಮಾರಾಯ್ತಿ."
"ತುಂಬಿಸ್ಲಿ."

ಬ್ಯಾಟರಿ ಇಪ್ಪತ್ನಾಲ್ಕೇ ವೋಲ್ಟು, ಬಡಪಾಯಿ.
ಟ್ರಾನ್ಸ್‌ಫಾರ್ಮರಿನ ಈ ಸುತ್ತಿನಿಂದ ಆ ಸುತ್ತಿಗೆ
ಸೆಕೆಂಡಿಗೆ ಅರವತ್ತು ಸಾವಿರ ಸಲ ದಾಟಬೇಕು ಶಕ್ತಿ.
ದಾಟುತ್ತದೆ. ಪೂರ್ತಿ ದಾಟುವುದಿಲ್ಲ.
ನೂರರಲ್ಲಿ ಮೂರು ಪಾಲು ಈಚೆ ದಡದಲ್ಲೇ ಉಳಿದು
ಸ್ವಿಚ್ಚು ಕಡಿದ ಕ್ಷಣ
ಹೋಗಲು ಜಾಗವಿಲ್ಲದೆ ಎದ್ದು ನಿಲ್ಲುತ್ತದೆ,
ಸ್ಕೋಪಿನ ಹಸಿರಿನಲ್ಲಿ ತೇಡೆ ಮೀನಿನ ಮುಳ್ಳು:
ನೂರ ಎಂಬತ್ತು.
ಮಾಸ್‌ಫೆಟ್ ತಾಳುವುದು ನೂರೈವತ್ತು.

ಮೊದಲು ಸಂಶಯ ನನ್ನ ಮೇಲೇ.
ಪ್ರೋಬಿನ ಉದ್ದ ಬಾಲದ ಕ್ಲಿಪ್ಪು ಕಿತ್ತು
ಮೂತಿಗೆ ಚಿಕ್ಕ ಸ್ಪ್ರಿಂಗು ಸುತ್ತಿ ನೋಡಿದೆ:
ನೂರ ಅರವತ್ತೆರಡು. ಹದಿನೆಂಟು ವೋಲ್ಟು ನೋಡುವವಳ ಸುಳ್ಳು.
ಉಳಿದದ್ದು ನಿಜ.

ಅದನ್ನು ಹಿಡಿಯಲೆಂದೇ ಕೂತವರಿದ್ದಾರೆ,
ಬಾಗಿಲು ತೆರೆಯುವ ಡಯೋಡು, ಬಾಚಿಕೊಳ್ಳುವ ಕೆಪಾಸಿಟರು,
ಬಾಚಿದ್ದನ್ನು ಮೆಲ್ಲಗೆ ಬಿಸಿಮಾಡಿ ಗಾಳಿಗೆ ಬಿಡುವ ರೆಸಿಸ್ಟರು.
ಕಿತ್ತು ಮೀಟರಿಗೆ ಹಿಡಿದೆ. ಮೂವರೂ ಸಾಚಾ.
ಆದರೂ ಹೊಸಬರನ್ನು ಕೂರಿಸಿದೆ.
ಅದೇ ಮುಳ್ಳು.

ಬೋರ್ಡು ತಿರುಗಿಸಿದೆ.
ಉಪ್ಪುಗಾಳಿ ತಿಂದ ತಾಮ್ರದ ದಾರಿಗೆ ಬದಲು
ಯಾರೋ ವಯರು ಎಳೆದಿದ್ದಾರೆ, ಕೆಂಪು, ಎರಡೂವರೆ ಇಂಚು,
ಊರೆಲ್ಲ ಬಳಸಿ, ಹಿಡಿಯುವವರನ್ನು
ಆಚೆ ಮಗ್ಗುಲಲ್ಲಿ ಕೂರಿಸಿದ್ದಾರೆ.
ಬೆಸುಗೆ ದುಂಡಗೆ, ತುದಿಯಲ್ಲಿ ಸಣ್ಣ ಬಾಲ.
ಇಡೀ ಮಲ್ಪೆಯಲ್ಲಿ ಹೀಗೆ ಬಾಲ ಬಿಡುವವಳು ಒಬ್ಬಳೇ.

ಎರಡು ಮಳೆಗಾಲದ ಹಿಂದೆ ಸಿಪ್ರಿಯನ್ ಮಾಸ್ಟ್ರು
ಇದೇ ಸ್ಟೂಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ,
"ಲಾಗಿಂ ದವರ್, ಲಾಗಿಂ!" ಎಂದು ಕೂಗಿದ್ದರು.
ಅವರ ಕೊಂಕಣಿ ಹೊರಬರುವುದು ಸಿಟ್ಟಿನಲ್ಲಿ ಮಾತ್ರ,
ನನ್ನ ತುಳುವಿಗೆ ಅದು ಪೂರ್ತಿ ದಾಟುವುದಿಲ್ಲ.
ಲಾಗ ಹಾಕು ಎಂದು ಗೇಲಿ ಮಾಡಿದರು ಅಂದುಕೊಂಡೆ,
ಸ್ಕ್ರೂಡ್ರೈವರು ಎಸೆದು ಹೊರಗೆ ನಡೆದೆ.
ತಿರುಗಿ ಬಂದಾಗ ಬೀಗದ ಕೈ ಮೇಜಿನ ಮೇಲಿತ್ತು,
ಅವರಿರಲಿಲ್ಲ. ಈಗ ಬೆಂದೂರಲ್ಲಿ ಮಗಳ ಮನೆ.
ಫೋನಿನಲ್ಲಿ ಕಿವಿ ಕೇಳುವುದಿಲ್ಲವಂತೆ.

ಹತ್ತಿರ ಇಡು. ಅಷ್ಟೇ ಅಂದದ್ದು.
ಕೈತಲ್ ಅಂತೇವೆ ನಾವು.
ಹಿಡಿಯುವವ ಎಷ್ಟು ಗಟ್ಟಿಗನಾದರೇನು,
ಉದ್ದ ವಯರಿಗೂ ಅದರದೇ ಒಂದು ಹಟ.
ಅವ ತಲುಪುವಷ್ಟರಲ್ಲಿ ಮುಳ್ಳು ನೆಟ್ಟಾಗಿರುತ್ತದೆ.

ವಯರು ಕತ್ತರಿಸಿದೆ. ಮೂವರನ್ನೂ ಟ್ರಾನ್ಸ್‌ಫಾರ್ಮರಿನ ಬುಡಕ್ಕೇ
ಒತ್ತಿ ಬೆಸೆದೆ, ಡಯೋಡಿನ ಕಾಲು ಅಕ್ಕಿಕಾಳಿನಷ್ಟು ಬಿಟ್ಟು.
ನಾಲ್ಕನೆಯ ಮಾಸ್‌ಫೆಟ್. ಅದೇ ಕೊನೆಯದು ಕೂಡ.
ಸ್ವಿಚ್ಚು.

ಎಂಬತ್ತೆಂಟು.
ಕಾದೆ. ಎಂಬತ್ತೆಂಟೇ.
ತುದಿ ಚಪ್ಪಟೆ, ಮೀನು ಮಾರುವವಳ ಕತ್ತಿಗೆ ಸಿಕ್ಕಿದ ಹಾಗೆ.
ರೆಸಿಸ್ಟರು ಬಿಸಿಯೇರಿತು. ಬೆರಳಿಟ್ಟು ತೆಗೆದೆ.
ಏರಲಿ, ಅದರ ಕೆಲಸ ಅದು.

ದೂಮಪ್ಪಣ್ಣ ಹೆಗಲ ಮೇಲಿಂದ ಬಗ್ಗಿ, "ಎಂತ ಆಗಿತ್ತು?"
ಹೇಳಬಹುದಿತ್ತು.
ಬಿಲ್ಲು ಬರೆದೆ. ಮಾಸ್‌ಫೆಟ್ ಒಂದು. ಬೆಸುಗೆ.
ಡಬ್ಬಿಯಲ್ಲಿದ್ದ ಮೂರರ ಲೆಕ್ಕ ಬರೆಯಲಿಲ್ಲ.
ಕೊನೆಗೆ, ದರದ ಜಾಗ ಖಾಲಿ ಬಿಟ್ಟು, ಇನ್ನೊಂದು ಸಾಲು:
ಕೆಂಪು ವಯರು, ಎರಡೂವರೆ ಇಂಚು, ತೆಗೆದದ್ದು.