ಮಳೆ ತಡೆಯುವ ಕೆಲಸ

ನನ್ನ ಕೆಲಸ ಹೇಳಿದರೆ ದೋಣಿ ನಡೆಸುವವರು ನಗುತ್ತಾರೆ:
ಅಮೆಜಾನಿನ ನಟ್ಟನಡುವೆ ಕೂತು
ಕಾಡಿನ ಮೇಲೆ ಮಳೆ ಬೀಳದಂತೆ ನೋಡಿಕೊಳ್ಳುವುದು.

ಒಂದು ಹೆಕ್ಟೇರ್ ಉದ್ದಗಲ,
ನನ್ನ ತಲೆಗಿಂತ ಒಂದು ಗೇಣು ಎತ್ತರಕ್ಕೆ
ಪ್ಲಾಸ್ಟಿಕ್ ಹಾಳೆಗಳ ಮಾಡು.
ಕಾಂಡಗಳು ಮಾಡನ್ನು ತೂರಿಕೊಂಡು ಮೇಲೆ ಹೋಗಿವೆ.
ಎಲೆ ನೆನೆಯುತ್ತದೆ, ಬೇರು ನೆನೆಯುವುದಿಲ್ಲ.
ಅರ್ಧ ಮಳೆ ಮರದ ದೋಣಿಗಳಲ್ಲಿ ಇಳಿದು ಹೊಳೆಗೆ.
ಸುತ್ತ ಆಳುದ್ದ ಕಂದಕ,
ಆಚೆಯ ಮಣ್ಣಿನಲ್ಲಿ ಯಾವ ಬೇರೂ
ಕಡ ಕೇಳಬಾರದು.

ಇನ್ನೂ ಬಾರದ ಬರ ಇದು, ಎನ್ನುತ್ತಾರೆ
ಡಾಕ್ಟರ್ ಗ್ರಸಿಯೆಮಾ,
ಬಂದರೆ ಕಾಡು ಏನು ಮಾಡೀತು ಅಂತ ಈಗಲೇ ನೋಡುವುದು.
ನಮ್ಮಜ್ಜಿ ಇದ್ದಿದ್ದರೆ
ಉಸಿರಿರುವವರಿಗೆ ಗುಂಡಿ ತೋಡಬೇಡಿ ಅನ್ನುತ್ತಿದ್ದಳು.
ನಾನು ಅನ್ನಲಿಲ್ಲ. ಸಂಬಳ ತಿಂಗಳ ಐದಕ್ಕೆ ಸರಿಯಾಗಿ ಬರುತ್ತದೆ.

ಸೋಮವಾರ ಗುಡಿಸುವುದು.
ಮಾಡಿನ ಮೇಲೆ ಬಿದ್ದ ಎಲೆ, ಹೂವು, ಕೋತಿ ಕಚ್ಚಿ ಎಸೆದ ಕಾಯಿ
ಎಲ್ಲವನ್ನೂ ತೂಗಿ, ಬರೆದು,
ಬಿದ್ದಲ್ಲೇ ಕೆಳಗೆ ಮಣ್ಣಿಗೆ ಸುರಿಯಬೇಕು.
ನೀರೊಂದನ್ನು ಬಿಟ್ಟು ಬೇರೇನನ್ನೂ
ಕಾಡಿನಿಂದ ಕಸಿಯಬಾರದು, ಅದು ನಿಯಮ.

ಗುರುವಾರ ಪಟ್ಟಿ ಓದುವುದು.
ಪ್ರತಿ ಮರದ ಸೊಂಟಕ್ಕೂ ಉಕ್ಕಿನ ಉಡಿದಾರ, ತುದಿಗೊಂದು ಸ್ಪ್ರಿಂಗು.
ಮರ ಕೂದಲೆಳೆಯಷ್ಟು ದಪ್ಪವಾದರೂ ಗೊತ್ತಾಗುತ್ತದೆ.
ಸಣ್ಣವು ಹೇಗೋ ಹಿಗ್ಗಿದವು.
ದೊಡ್ಡವು ಇದ್ದಲ್ಲೇ ಇದ್ದವು, ಆಮೇಲೆ ಒಂದೊಂದೇ
ತುದಿಯಿಂದ ಬೋಳಾಗತೊಡಗಿದವು.

ಬೇರು ಆಳಕ್ಕಿದೆ, ತಡೆದೀತು ಅಂದುಕೊಂಡಿದ್ದೆ.
ಹಾಗಲ್ಲವಂತೆ. ನಲವತ್ತು ಮೀಟರ್ ಮೇಲಕ್ಕೆ
ಸೇದಬೇಕಲ್ಲ ನೀರನ್ನು,
ಬಿಗಿದ ಹಗ್ಗ ನಡುದಾರಿಯಲ್ಲಿ ಕಡಿಯುತ್ತದೆ,
ಆ ಜಾಗಕ್ಕೆ ಗಾಳಿ ನುಗ್ಗುತ್ತದೆ.
ಕಾಂಡಕ್ಕೆ ಯಂತ್ರ ಅಂಟಿಸಿ, ನನ್ನ ಕಿವಿಗೆ ಸಿಕ್ಕಿಸಿ ಕೇಳಿಸಿದರು:
ಚಿಟ್.
ಸ್ವಲ್ಪ ಹೊತ್ತು ಬಿಟ್ಟು, ಚಿಟ್ ಚಿಟ್.
ಮುದುಕಿಯೊಬ್ಬಳು ಕೂತು ನೆಟಿಗೆ ಮುರಿದ ಹಾಗೆ.
ಯಾರ ಮೇಲೆ ಅಂತ ನಾನು ಕೇಳಲಿಲ್ಲ.

ಇನ್ನೂರ ಹದಿನೇಳನೆಯದು ಮಸರಾಂಡೂಬಾ.
ಅದೇ ಜಾತಿಯ ಮರಕ್ಕೆ ಮಚ್ಚು ಹಾಕಿ ಅಪ್ಪ
ಹಾಲು ಇಳಿಸುತ್ತಿದ್ದ, ನಮ್ಮ ಕಾಫಿಗೆ.
ಆರು ಮಕ್ಕಳು ಕುಡಿದಿದ್ದೇವೆ.
ಒಂದು ರಾತ್ರಿ ಎದ್ದು ಹೋಗಿ
ಅದರ ಬುಡಕ್ಕೆ ಮೂರು ಬಕೆಟ್ ಹೊಳೆಯ ನೀರು ಹೊಯ್ದೆ.
ಮಣ್ಣು ಸುಯ್ಯೆಂದಿತು. ಅಷ್ಟೇ.

ಗುರುವಾರ ನೋಡಿದರೆ ಪಟ್ಟಿ ಅಲುಗಿರಲಿಲ್ಲ.
ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಹೇಳಿಬಿಟ್ಟೆ.
ಡಾಕ್ಟರ್ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.
‘ಕೆಂಪು ಬಕೆಟ್ಟೋ, ನೀಲಿಯೋ?’
ಕೆಂಪು.
‘ಹಾಗಾದರೆ ಮೂವತ್ತಾರು ಲೀಟರ್,’ ಎಂದು
ಪುಸ್ತಕದಲ್ಲಿ ತಾರೀಖಿನ ಎದುರು ಬರೆದರು:
ಇನ್ನೂರ ಹದಿನೇಳು. ನೀರು. ಜುಸಿಲೇಯ್ಡಿ.
ನನ್ನ ಹೆಸರು ಆ ಪುಸ್ತಕದಲ್ಲಿ ಇರುವುದು ಅಲ್ಲೊಂದೇ ಕಡೆ.

ಎರಡು ವರ್ಷ ನಿಂತಿತ್ತು.
ಜನವರಿಯ ಒಂದು ಮಧ್ಯಾಹ್ನ, ಗಾಳಿಯೂ ಇಲ್ಲದೆ, ಬಿತ್ತು.
ಹತ್ತೊಂಬತ್ತು ಹಾಳೆ ಚೂರಾದವು.
ಬೆಲೇಮಿನಿಂದ ಹೊಸ ಹಾಳೆ ಬರಲು ದೋಣಿಗೆ ಒಂಬತ್ತು ದಿನ.
ಅಷ್ಟು ದಿನವೂ ಆ ತೂತಿನಿಂದ ಮಳೆ
ಯಾರನ್ನೂ ಕೇಳದೆ ಒಳಗೆ ಬಂತು.
ಎಲ್ಲಿದ್ದವೋ ಕಪ್ಪೆಗಳು, ರಾತ್ರಿಯೆಲ್ಲ ಗದ್ದಲ.
ಉಗುರಿನಷ್ಟು ಸಸಿಗಳು ಬಗ್ಗಿ ಬಗ್ಗಿ ಏಳುತ್ತಿದ್ದವು.
ನಾನು ಅಳತೆ ಕೊಳವೆ ಇಟ್ಟು ದಿನಾ ಓದಿದೆ:
ಒಟ್ಟು ನೂರಾ ಎಂಬತ್ತನಾಲ್ಕು ಮಿಲಿಮೀಟರ್.

ಹತ್ತನೆಯ ದಿನ ಏಣಿ ಹಾಕಿ,
ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು,
ನಾನೇ ಮುಚ್ಚಿದೆ.